ದುಡ್ಡು ಕೊಡಲು ಸಿದ್ಧ, ಮಾರುವವರೇ ಇಲ್ಲ

ಕೈಯಲ್ಲಿ ದುಡ್ಡಿದ್ದೂ ಕೊಳ್ಳಲಾಗದ ವಸ್ತುಗಳು ಈ ಕಾಲದಲ್ಲಿ ಕಡಿಮೆ. ಪುಣೆಯ ವಾಕಡ್‌ನಲ್ಲಿ ಕೂತು ಫೋನ್ ಒತ್ತಿದರೆ ಬ್ಯಾಡಗಿ ಮೆಣಸಿನಕಾಯಿ ಬರುತ್ತದೆ, ಧಾರವಾಡ ಪೇಢೆ ಬರುತ್ತದೆ, ರಾಜ್‌ಕುಮಾರ್ ಅವರ ಹಳೆಯ ಸಿನಿಮಾ ಟೀವಿಯಲ್ಲಿ ಮೂಡುತ್ತದೆ. ಆದರೆ ರೋಡ್ ರ‍್ಯಾಶ್ ಮಾತ್ರ ಬರುವುದಿಲ್ಲ.

ಮೂವತ್ತು ದಾಟಿದವರಿಗೆ ಈ ಹೆಸರು ಬಿಡಿಸಿ ಹೇಳಬೇಕಿಲ್ಲ. ಬೈಕ್ ಓಡಿಸುತ್ತಲೇ ಪಕ್ಕದ ಸವಾರನಿಗೆ ಒದೆಯುವುದು, ಸರಪಳಿ ಕಸಿದು ಅವನಿಗೇ ಬಾರಿಸುವುದು, ಪೊಲೀಸ್ ಕೈಗೆ ಸಿಕ್ಕರೆ ದಂಡ ಕಟ್ಟುವುದು. ಈ ಗೇಮ್‌ನ ಪಿಸಿ ಆವೃತ್ತಿ ಬಂದದ್ದು 1996ರಲ್ಲಿ. ಅದನ್ನು ಹೊರತಂದ ಎಲೆಕ್ಟ್ರಾನಿಕ್ ಆರ್ಟ್ಸ್ ಕಂಪನಿ ಮುಚ್ಚಿ ಹೋಗಿಲ್ಲ, ಇಂದಿಗೂ ಜಗತ್ತಿನ ದೊಡ್ಡ ಗೇಮ್ ಕಂಪನಿಗಳಲ್ಲಿ ಒಂದು. ಆದರೂ ಇಂದಿನ ಲ್ಯಾಪ್‌ಟಾಪ್‌ನಲ್ಲಿ ಓಡುವ ಹಾಗೆ ಸಿದ್ಧಪಡಿಸಿದ, ಬಿಲ್ ಸಮೇತ ಕೊಳ್ಳಬಹುದಾದ ಆ ಪಿಸಿ ಗೇಮ್ ಎಲ್ಲೂ ಮಾರಾಟಕ್ಕಿಲ್ಲ. ಪುಕ್ಕಟೆ ಬೇಕೆಂದು ನಾನು ಕೇಳುತ್ತಿಲ್ಲ. ಬೆಲೆ ಹೇಳಿ ಎನ್ನುತ್ತಿದ್ದೇನೆ.

ಊರು ಬೇರೆ, ಗೇಮ್ ಒಂದೇ

ಹಿಂಜವಡಿಯ ನಮ್ಮ ಆಫೀಸಿನಲ್ಲಿ ಮಧ್ಯಾಹ್ನ ಡಬ್ಬಿ ಬಿಚ್ಚಿ ಕೂರುವ ಕನ್ನಡಿಗರ ಒಂದು ಸಣ್ಣ ಗುಂಪಿದೆ. ಒಬ್ಬ ಕಲಬುರಗಿಯವನು, ಒಬ್ಬ ಮೈಸೂರಿನವನು, ಒಬ್ಬಳು ಮಂಗಳೂರಿನವಳು, ನಾನು ಹುಬ್ಬಳ್ಳಿಯವನು. ರೊಟ್ಟಿಯೋ ಮುದ್ದೆಯೋ ಎಂಬುದರಲ್ಲಿ ನಮ್ಮಲ್ಲಿ ಎಂದೂ ಒಮ್ಮತವಾಗಿಲ್ಲ. ಹಳೆಯ ಗೇಮ್‌ಗಳ ವಿಷಯ ಬಂದರೆ ಮಾತ್ರ ಎಲ್ಲರದೂ ಒಂದೇ ಪಟ್ಟಿ: ಡೇವ್, ಪ್ರಿನ್ಸ್, ರೋಡ್ ರ‍್ಯಾಶ್, ಏಜ್ ಆಫ್ ಎಂಪೈರ್ಸ್, ವೈಸ್ ಸಿಟಿ.

"ನಮ್ಮ ಸಾಲ್ಯಾಗ ಮೂರು ಮಂದಿಗೆ ಒಂದು ಕಂಪ್ಯೂಟರ್ ಇತ್ತು. ಒಬ್ಬಾಂವ ಆಡಾಂವ, ಇಬ್ರು ಬಾಗಿಲ ಕಾಯಾವ್ರು" ಎನ್ನುತ್ತಾನೆ ಕಲಬುರಗಿಯವನು. "ಮೇಷ್ಟ್ರು ಬರ್ತಿದ್ದಂಗೆ ಮಾನಿಟರ್ ಸ್ವಿಚ್ಚೇ ಆಫ್ ಮಾಡ್ಬಿಡ್ತಿದ್ವಿ" ಎಂದು ಮೈಸೂರಿನವನು ಸೇರಿಸುತ್ತಾನೆ. ನಮ್ಮೂರಿನ ಸೈಬರ್ ಕೆಫೆಯಲ್ಲಿ ಗಂಟೆಗೆ ಇಪ್ಪತ್ತು ರೂಪಾಯಿ. ಅರ್ಧ ಗಂಟೆಗೆ ಹತ್ತು ಕೊಟ್ಟು ಇಬ್ಬರು ಒಂದೇ ಕುರ್ಚಿಯಲ್ಲಿ ಕೂರುತ್ತಿದ್ದೆವು.

ನಾವು ಡೇವ್ ಎಂದು ಕರೆಯುತ್ತಿದ್ದ ಡೇಂಜರಸ್ ಡೇವ್ ಬರೆದವರು ಅಮೆರಿಕದ ಜಾನ್ ರೊಮೆರೊ. ಮುಂದೆ ಡೂಮ್ ಮಾಡಿದ ತಂಡದಲ್ಲಿ ಅವರೂ ಒಬ್ಬರು. ಪ್ರಿನ್ಸ್ ಆಫ್ ಪರ್ಷಿಯಾ ಜೋರ್ಡನ್ ಮೆಕ್ನರ್ ಅವರದು, 1989ರದು. ರಾಜಕುಮಾರನ ಓಟ, ಜಿಗಿತ ಅಷ್ಟು ಸಹಜವಾಗಿ ಕಾಣಲು ಕಾರಣ, ಮೆಕ್ನರ್ ತಮ್ಮ ತಮ್ಮನನ್ನು ಓಡಿಸಿ, ನೆಗೆಸಿ, ವಿಡಿಯೊ ತೆಗೆದು, ಅದನ್ನು ನೋಡಿ ಒಂದೊಂದೇ ಚಿತ್ರ ಬರೆದದ್ದು. ಇದ್ಯಾವುದೂ ನಮಗೆ ಆಗ ಗೊತ್ತಿರಲಿಲ್ಲ. ಗೇಮ್‌ಗೆ ಒಬ್ಬ ಲೇಖಕ ಇರುತ್ತಾನೆ, ಅದಕ್ಕೊಂದು ಡಬ್ಬ, ಪುಸ್ತಕ, ಬೆಲೆ ಇರುತ್ತದೆ ಎಂಬ ಕಲ್ಪನೆಯೇ ಇರಲಿಲ್ಲ. ನಮ್ಮ ಊರುಗಳ ಅಂಗಡಿಗಳಲ್ಲಿ ಒರಿಜಿನಲ್ ಸಿಡಿ ಸಿಗುತ್ತಲೂ ಇರಲಿಲ್ಲ. ಫ್ಲಾಪಿಯಿಂದ ಫ್ಲಾಪಿಗೆ, ಕೈಯಿಂದ ಕೈಗೆ ಬಂದದ್ದೇ ನಮ್ಮ ಗೇಮ್.

ಈಗ ಆ ಪೀಳಿಗೆ ದುಡಿಯುತ್ತಿದೆ. ಸಾಫ್ಟ್‌ವೇರ್ ಬರೆದೇ ಹೊಟ್ಟೆ ಹೊರೆಯುವ ನಮ್ಮಂಥವರಿಗೆ ಸಾಫ್ಟ್‌ವೇರ್‌ಗೆ ದುಡ್ಡು ಯಾಕೆ ಕೊಡಬೇಕು ಎಂದು ಯಾರೂ ತಿಳಿಹೇಳಬೇಕಿಲ್ಲ. ಕೊಡಲು ದಾರಿ ಬೇಕಷ್ಟೆ.

ಬಿಲ್ ಇದ್ದರೂ ಬಾಗಿಲು ಬಂದ್

ಕಳೆದ ಬೇಸಿಗೆ ರಜೆಗೆ ಅಕ್ಕನ ಮಗ ಪುಣೆಗೆ ಬಂದಿದ್ದ. "ಮಾಮಾ, ನೀ ಸಣ್ಣಾಂವ ಇದ್ದಾಗ ಯಾವ ಗೇಮ್ ಆಡ್ತಿದ್ದಿ? ತೋರ್ಸು" ಎಂದ. ಎಂಜಿನಿಯರಿಂಗ್ ಓದುವಾಗ ಜೇಬಿನ ದುಡ್ಡಿನಲ್ಲೇ ಕೊಂಡ ಒಂದು ಕಾರ್ ರೇಸಿಂಗ್ ಗೇಮ್‌ನ ಒರಿಜಿನಲ್ ಸಿಡಿ ಕಪಾಟಿನಲ್ಲಿತ್ತು. ಲ್ಯಾಪ್‌ಟಾಪ್‌ಗೆ ಸಿಡಿ ಡ್ರೈವ್ ಇಲ್ಲ. ಹೊರಗಿನಿಂದ ಜೋಡಿಸುವ ಡ್ರೈವ್ ತರಿಸಿದೆ. ಸಿಡಿ ತಿರುಗಿತು, ಸೆಟಪ್ ಒತ್ತಿದೆ. "ಈ ಆ್ಯಪ್ ನಿಮ್ಮ ಪಿಸಿಯಲ್ಲಿ ಓಡುವುದಿಲ್ಲ" ಎಂದು ವಿಂಡೋಸ್ ಕೈ ಎತ್ತಿತು. ಕಂಪನಿಯ ಸಹಾಯ ವಿಭಾಗಕ್ಕೆ ಬರೆದರೆ ಆ ಉತ್ಪನ್ನಕ್ಕೆ ಈಗ ಬೆಂಬಲವಿಲ್ಲ ಎಂಬ ಸಿದ್ಧ ಉತ್ತರ ಬಂತು. ಹುಡುಗ ಅಷ್ಟರಲ್ಲಿ ಫೋನ್ ಹಿಡಿದು ಕೂತಿದ್ದ.

ಹೀಗಾಗಲು ಕಾರಣಗಳಿವೆ. ಮೊದಲನೆಯದು 16 ಬಿಟ್ ಸಮಸ್ಯೆ. ಡಾಸ್ ಮತ್ತು ವಿಂಡೋಸ್ 3.1 ಕಾಲದ ಪ್ರೋಗ್ರಾಂಗಳು 16 ಬಿಟ್‌ನವು. 64 ಬಿಟ್ ವಿಂಡೋಸ್ ಅವುಗಳನ್ನು ಓಡಿಸುವುದಿಲ್ಲ, ವಿಂಡೋಸ್ 11 ಬರುವುದೇ 64 ಬಿಟ್‌ನಲ್ಲಿ. ತಮಾಷೆ ಎಂದರೆ, 90ರ ದಶಕದ ಕೊನೆಯ ಎಷ್ಟೋ ಗೇಮ್‌ಗಳು ಸ್ವತಃ 32 ಬಿಟ್‌ನವು, ಅವುಗಳ ಸೆಟಪ್ ಮಾತ್ರ 16 ಬಿಟ್. ಮನೆ ಗಟ್ಟಿಯಾಗಿದೆ, ಬಾಗಿಲು ಮಾತ್ರ ತೆರೆಯುವುದಿಲ್ಲ.

ಎರಡನೆಯದು ವೇಗ. ಕೆಲವು ಹಳೆಯ ಗೇಮ್‌ಗಳು ಗಡಿಯಾರ ನೋಡುತ್ತಿರಲಿಲ್ಲ. ಅಂದಿನ ಪ್ರೊಸೆಸರ್ ಎಷ್ಟು ಬೇಗ ಓಡುತ್ತದೋ ಅಷ್ಟೇ ಬೇಗ ಗೇಮ್ ಕೂಡ ಓಡಲಿ ಎಂದು ಬರೆದವು. ಅಂಥದ್ದನ್ನು ಇಂದಿನ ಪ್ರೊಸೆಸರ್‌ನಲ್ಲಿ ಬಿಟ್ಟರೆ ಕಣ್ಣು ಮಿಟುಕಿಸುವುದರೊಳಗೆ ಆಟ ಮುಗಿದಿರುತ್ತದೆ. ಹಳೆಯ ಕಂಪ್ಯೂಟರುಗಳ ಮುಂಭಾಗದಲ್ಲಿದ್ದ ಟರ್ಬೊ ಬಟನ್ ನೆನಪಿದೆಯೇ? ಹೆಸರು ಟರ್ಬೊ ಆದರೂ ಅದರ ನಿಜವಾದ ಉಪಯೋಗ, ಇಂಥ ಪ್ರೋಗ್ರಾಂಗಳಿಗಾಗಿ ಕಂಪ್ಯೂಟರನ್ನು ನಿಧಾನಗೊಳಿಸುವುದು. ಮೂರನೆಯದು ಬಣ್ಣ. 256 ಬಣ್ಣಗಳ ಲೆಕ್ಕದಲ್ಲಿ ಮಾಡಿದ ಗೇಮ್‌ಗಳನ್ನು ಹೊಸ ವಿಂಡೋಸ್‌ನಲ್ಲಿ ತೆರೆದಾಗ ಬಣ್ಣಗಳೇ ಅದಲು ಬದಲಾಗುತ್ತಿದ್ದವು. ಮೂಲ ಏಜ್ ಆಫ್ ಎಂಪೈರ್ಸ್‌ನಲ್ಲಿ ಹುಲ್ಲು ನೀರು ವಿಚಿತ್ರ ಬಣ್ಣಕ್ಕೆ ತಿರುಗಿದ್ದನ್ನು ಹಲವರು ನೋಡಿರಬಹುದು.

ನಾಲ್ಕನೆಯದು ನನಗೆ ಹೆಚ್ಚು ಸಿಟ್ಟು ತರಿಸುವಂಥದ್ದು. ನಕಲು ತಡೆಯಲು ಅಂದಿನ ಸಿಡಿಗಳಿಗೆ ಸೇಫ್‌ಡಿಸ್ಕ್ ಎಂಬ ಬೀಗ ಹಾಕುತ್ತಿದ್ದರು. ಅದು ವಿಂಡೋಸ್‌ನ ಒಳಗೆ ತನ್ನದೊಂದು ಡ್ರೈವರ್ ಕೂರಿಸುತ್ತಿತ್ತು. ಆ ಡ್ರೈವರ್ ಸುರಕ್ಷತೆಗೆ ಅಪಾಯ ಎಂದು 2015ರಲ್ಲಿ ಮೈಕ್ರೋಸಾಫ್ಟ್ ಅದನ್ನು ನಿಲ್ಲಿಸಿತು, ವಿಂಡೋಸ್ 10 ಅದನ್ನು ಒಪ್ಪಲೇ ಇಲ್ಲ. ಮೈಕ್ರೋಸಾಫ್ಟ್ ಮಾಡಿದ್ದು ಸರಿಯೇ. ಆದರೆ ಪರಿಣಾಮ ನೋಡಿ. ಬೀಗ ಒಡೆದ ಕದ್ದ ಪ್ರತಿ ಇಂದಿಗೂ ಓಡುತ್ತದೆ. ದುಡ್ಡು ಕೊಟ್ಟು ತಂದ ಒರಿಜಿನಲ್ ಸಿಡಿ ಓಡುವುದಿಲ್ಲ. ಪ್ರಾಮಾಣಿಕನಿಗೆ ಬೀಗ, ಕದ್ದವನಿಗೆ ಹೆದ್ದಾರಿ.

ಈ ಬಗೆಯ ತೊಂದರೆ ಕನ್ನಡಿಗರಿಗೆ ಹೊಸದಲ್ಲ. ಹದಿನೈದಿಪ್ಪತ್ತು ವರ್ಷದ ಹಿಂದೆ ನುಡಿಯಲ್ಲಿ ಟೈಪ್ ಮಾಡಿಟ್ಟ ಪತ್ರವನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದು ನೋಡಿ. ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಾಣುತ್ತದೆ. ಬರಹ ಅಳಿದಿಲ್ಲ, ಓದುವ ಯಂತ್ರ ಬದಲಾಗಿದೆ. ಯೂನಿಕೋಡ್‌ಗೆ ಪರಿವರ್ತಿಸುವ ಸಲಕರಣೆಗಳನ್ನು ಆಸಕ್ತರು ಬರೆದು ಹಂಚಿದ್ದರಿಂದ ಎಷ್ಟೋ ಬರಹ ಉಳಿಯಿತು. ಗೇಮ್‌ಗಳ ಕಥೆಯೂ ಹಾಗೆಯೇ.

ಯಂತ್ರದ ಸಮಸ್ಯೆ ಬಗೆಹರಿದಿದೆ

ಎಂಜಿನಿಯರ್ ಆಗಿ ಹೇಳುತ್ತೇನೆ, ತಾಂತ್ರಿಕ ಸಮಸ್ಯೆಯ ದೊಡ್ಡ ಭಾಗ ಎಂದೋ ಪರಿಹಾರವಾಗಿದೆ. 2002ರಲ್ಲಿ ಬಂದ ಡಾಸ್‌ಬಾಕ್ಸ್ ಎಂಬ ಉಚಿತ ತಂತ್ರಾಂಶ ಇಂದಿನ ಕಂಪ್ಯೂಟರಿಗೆ ಹಳೆಯ ಕಂಪ್ಯೂಟರಿನ ವೇಷ ಹಾಕುತ್ತದೆ. ಹಳೆಯ ಪ್ರೊಸೆಸರ್, ಹಳೆಯ ಸೌಂಡ್ ಕಾರ್ಡ್, ಹಳೆಯ ವೇಗ ಎಲ್ಲವನ್ನೂ ನಟಿಸುತ್ತದೆ. ಒಳಗಿರುವ ಗೇಮ್‌ಗೆ ತಾನು ಮೂವತ್ತು ವರ್ಷ ಮುಂದೆ ಬಂದಿದ್ದೇನೆಂದು ತಿಳಿಯುವುದೇ ಇಲ್ಲ. ಅದಕ್ಕೂ ಒಂದು ವರ್ಷ ಮೊದಲು ಶುರುವಾದ ಸ್ಕಮ್‌ವಿಎಂ, ಲ್ಯೂಕಾಸ್ ಆರ್ಟ್ಸ್‌ನ ಸಾಹಸ ಕಥೆಯ ಗೇಮ್‌ಗಳಿಗೆ ಹೊಸ ಎಂಜಿನ್ ಕೊಟ್ಟಿತು. ಎರಡನ್ನೂ ಕಟ್ಟಿದವರು ಸ್ವಯಂಸೇವಕರು.

ಈ ಕೆಲಸವನ್ನು ಕಾನೂನಿನ ಚೌಕಟ್ಟಿನಲ್ಲೇ ವ್ಯಾಪಾರ ಮಾಡಬಹುದೆಂದು ತೋರಿಸಿದವರು ಪೋಲೆಂಡಿನವರು. ಸಿಡಿ ಪ್ರಾಜೆಕ್ಟ್ ಕಂಪನಿ 1994ರಲ್ಲಿ ಶುರುವಾದದ್ದು ಹೊರದೇಶದ ಗೇಮ್ ಸಿಡಿ ತಂದು ಮಾರಲು. ಅಂದಿನ ಪೋಲೆಂಡಿನ ಮಾರುಕಟ್ಟೆಯೂ ನಮ್ಮದರಂತೆಯೇ ಇತ್ತು, ನಕಲಿ ಸಿಡಿಗಳದ್ದೇ ರಾಜ್ಯ. ಇವರು ಬಾಲ್ಡರ್ಸ್ ಗೇಟ್ ಎಂಬ ಗೇಮನ್ನು ಪೋಲಿಷ್ ಭಾಷೆಗೆ ತಂದು, ಒಳ್ಳೆಯ ಡಬ್ಬದಲ್ಲಿಟ್ಟು ಮಾರಿ ಗೆದ್ದರು. ನಕಲಿಗಿಂತ ಅಸಲಿ ಚೆನ್ನಾಗಿದ್ದರೆ ಜನ ಅಸಲಿಯನ್ನೇ ಕೊಳ್ಳುತ್ತಾರೆ ಎಂಬ ಪಾಠದ ಮೇಲೆ 2008ರಲ್ಲಿ ಗುಡ್ ಓಲ್ಡ್ ಗೇಮ್ಸ್ ಅರ್ಥಾತ್ ಗಾಗ್ ಅಂಗಡಿ ತೆರೆದರು. ಹಳೆಯ ಗೇಮ್‌ನ ಹಕ್ಕುದಾರರಿಂದ ಅನುಮತಿ ಪಡೆಯುವುದು, ಬೇಕಿದ್ದರೆ ಡಾಸ್‌ಬಾಕ್ಸ್ ಜೊತೆಗಿಟ್ಟು ಕಟ್ಟುವುದು, ಬೀಗ ಹಾಕದೆ ಮಾರುವುದು. ಮಲ್ಟಿಪ್ಲೆಕ್ಸ್‌ನಲ್ಲಿ ಒಂದು ಸಿನಿಮಾ, ಜೊತೆಗೆ ಪಾಪ್‌ಕಾರ್ನ್‌ಗೆ ಆಗುವ ಖರ್ಚಿನಲ್ಲಿ ಅನೇಕ ಹಳೆಯ ಗೇಮ್ ಬರುತ್ತವೆ. ಒಮ್ಮೆ ಇಳಿಸಿಕೊಂಡರೆ ಇಂಟರ್‌ನೆಟ್ ಇಲ್ಲದೆಯೂ ಆಡಬಹುದು.

ಗಂಟು ಇರುವುದು ಕಾಗದದಲ್ಲಿ

ಹಾಗಾದರೆ ರೋಡ್ ರ‍್ಯಾಶ್ ಯಾಕಿಲ್ಲ? ಕಂಪನಿ ಬಾಯಿ ಬಿಡುವವರೆಗೆ ಇದೇ ಕಾರಣ ಎಂದು ಹೇಳಲಾಗದು. ಆದರೆ ಅದರಲ್ಲಿದ್ದ ಸಂಗೀತ ನೆನಪಿಸಿಕೊಳ್ಳಿ. ಸೌಂಡ್‌ಗಾರ್ಡನ್‌ನಂಥ ನಿಜವಾದ ರಾಕ್ ಬ್ಯಾಂಡ್‌ಗಳ ಹಾಡುಗಳು ಅದರಲ್ಲಿದ್ದವು. ಗೇಮ್‌ನ ಹಕ್ಕು ಕಂಪನಿಯದಾದರೂ ಹಾಡಿನ ಹಕ್ಕು ಬೇರೆಯವರದು. ಮತ್ತೆ ಮಾರಬೇಕಾದರೆ ಹಾಡುಗಳಿಗೂ ಅನುಮತಿ ಬೇಕಾಗುತ್ತದೆ. ವೈಸ್ ಸಿಟಿಯಲ್ಲಿ ಕಾರು ಹತ್ತಿದೊಡನೆ ರೇಡಿಯೊ ಹಚ್ಚುತ್ತಿದ್ದವರಿಗೆ ಇದು ಗೊತ್ತು. ನಂತರದ ಆವೃತ್ತಿಗಳಲ್ಲಿ ಮೂಲದ ಕೆಲವು ಹಾಡುಗಳೇ ಇಲ್ಲ. ಕಾರ್ ರೇಸಿಂಗ್ ಗೇಮ್‌ಗಳಲ್ಲಿ ಕಾರು ಕಂಪನಿಗಳ ಪರವಾನಗಿ ಇನ್ನೊಂದು ಗಂಟು.

ಅತಿ ಕಗ್ಗಂಟಿನ ಉದಾಹರಣೆ ನೋ ಒನ್ ಲಿವ್ಸ್ ಫಾರೆವರ್. 2000ರಲ್ಲಿ ಬಂದ ಈ ಗೂಢಚಾರಿಣಿಯ ಗೇಮನ್ನು ಮಾಡಿದ್ದು ಮೊನೊಲಿತ್, ಹೊರತಂದದ್ದು ಫಾಕ್ಸ್‌ನ ಗೇಮ್ ವಿಭಾಗ. ಮೊನೊಲಿತ್ ವಾರ್ನರ್ ಪಾಲಾಯಿತು. ಫಾಕ್ಸ್‌ನ ಗೇಮ್ ವಿಭಾಗ ವಿವೆಂಡಿಗೆ ಮಾರಾಟವಾಗಿ, ಅದು ಮುಂದೆ ಆಕ್ಟಿವಿಷನ್ ಜೊತೆ ಸೇರಿತು. ನೈಟ್‌ಡೈವ್ ಎಂಬ ಸಣ್ಣ ಕಂಪನಿ 2014ರ ಹೊತ್ತಿಗೆ ಮೂರೂ ಕಡೆ ಬಾಗಿಲು ತಟ್ಟಿತು. ಯಾರ ಪಾಲು ಎಷ್ಟು ಎಂಬುದು ಇತ್ಯರ್ಥವಾಗಲಿಲ್ಲ, ಗೇಮ್ ಬರಲಿಲ್ಲ. ಅಜ್ಜನ ಕಾಲದ ಹೊಲಕ್ಕೆ ಪಹಣಿಯಲ್ಲಿ ಮೂರು ಹೆಸರು, ಯಾರೂ ಉಳುವುದಿಲ್ಲ, ಉಳುವವನಿಗೆ ಕೊಡುವುದೂ ಇಲ್ಲ. ನಮ್ಮ ಹಳ್ಳಿಗಳಲ್ಲಿ ಇಂಥ ಹೊಲ ನೋಡಿಯೇ ಇರುತ್ತೀರಿ.

ಇದೇ ನೈಟ್‌ಡೈವ್ ಹುಟ್ಟಿದ ಕಥೆ ಮಾತ್ರ ಸಂತೋಷದ್ದು. ಸ್ಟೀಫನ್ ಕಿಕ್ ಎಂಬಾತ 2012ರಲ್ಲಿ ಕೆಲಸ ಬಿಟ್ಟು ಮಧ್ಯ ಅಮೆರಿಕ ಸುತ್ತುತ್ತಿದ್ದಾಗ ತನ್ನ ಮೆಚ್ಚಿನ ಸಿಸ್ಟಮ್ ಶಾಕ್ 2 ಆಡಲು ಹೋದ. ಓಡಲಿಲ್ಲ. ಕೊಳ್ಳೋಣವೆಂದರೆ ಎಲ್ಲೂ ಇಲ್ಲ. ಹುಡುಕುತ್ತ ಹೋದರೆ, ಮೂಲ ಕಂಪನಿ ಮುಚ್ಚಿದ ಮೇಲೆ ಹಕ್ಕು ಒಂದು ವಿಮಾ ಕಂಪನಿಯ ಕೈಸೇರಿತ್ತು! ಅವರೊಂದಿಗೆ ಮಾತಾಡಿ ಒಪ್ಪಿಸಿ, 2013ರ ಫೆಬ್ರುವರಿಯಲ್ಲಿ ಗಾಗ್ ಮೂಲಕ ಮತ್ತೆ ಮಾರಾಟಕ್ಕೆ ತಂದ. ಒಬ್ಬ ಅಭಿಮಾನಿ ಪಟ್ಟು ಹಿಡಿದರೆ ಏನಾಗಬಹುದು ಎಂಬುದಕ್ಕೆ ಇದು ಸಾಕ್ಷಿ.

ಇಂಥ ಅದೃಷ್ಟ ಎಲ್ಲ ಗೇಮ್‌ಗೂ ಇಲ್ಲ. ಅಮೆರಿಕದ ವಿಡಿಯೊ ಗೇಮ್ ಹಿಸ್ಟರಿ ಫೌಂಡೇಷನ್ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2010ಕ್ಕೆ ಮೊದಲು ಅಮೆರಿಕದಲ್ಲಿ ಬಿಡುಗಡೆಯಾದ ಗೇಮ್‌ಗಳಲ್ಲಿ 87%ರಷ್ಟು ಇಂದು ಮಾರಾಟದಲ್ಲಿಲ್ಲ. ಗ್ರಂಥಾಲಯಗಳು ಇಂಥ ಗೇಮ್‌ಗಳನ್ನು ಸಂಶೋಧಕರಿಗೆ ದೂರದಿಂದಲೇ ನೋಡಲು ಕೊಡಲಿ ಎಂಬ ಬೇಡಿಕೆಯನ್ನು 2024ರ ಅಕ್ಟೋಬರ್‌ನಲ್ಲಿ ಅಲ್ಲಿನ ಕಾಪಿರೈಟ್ ಕಚೇರಿ ತಿರಸ್ಕರಿಸಿತು. ಹಕ್ಕಿನ ಅವಧಿ ಮುಗಿಯಲಿ ಎಂದು ಕಾಯೋಣವೇ? ಅಮೆರಿಕದಲ್ಲಿ ಕಂಪನಿ ಹೆಸರಿನ ಕೃತಿಗೆ ಪ್ರಕಟಣೆಯಿಂದ 95 ವರ್ಷ. ಆ ಲೆಕ್ಕದಲ್ಲಿ 1996ರ ಗೇಮ್‌ಗೆ 2091ರವರೆಗೆ ಕಾಯಬೇಕು. ಆಗ ನನಗೆ ನೂರು ದಾಟಿರುತ್ತದೆ, ಬೈಕ್ ಓಡಿಸುವ ಕೈಬೆರಳು ಇರುತ್ತವೋ ಇಲ್ಲವೋ!

ಕದ್ದರೆ ಏನಾಯಿತು?

"ಇಷ್ಟೆಲ್ಲ ಯಾಕೆ, ನೆಟ್‌ನಲ್ಲಿ ಪುಕ್ಕಟೆ ಸಿಗುತ್ತಲ್ಲ" ಎನ್ನುವವರಿದ್ದಾರೆ. ಸಿಗುತ್ತದೆ. ಹೈದರಾಬಾದಿನಲ್ಲಿರುವ ಗೆಳೆಯನೊಬ್ಬ ಹಾಗೆ ಹಳೆಯ ಗೇಮ್ ಇಳಿಸಿಕೊಳ್ಳಲು ಹೋಗಿ, ಅದರೊಳಗಿದ್ದ ವೈರಸ್‌ನಿಂದ ಎಂಟು ವರ್ಷದ ಫೋಟೊಗಳನ್ನು ಕಳೆದುಕೊಂಡ. ಮಗಳ ಮೊದಲ ಹುಟ್ಟುಹಬ್ಬದ ಚಿತ್ರಗಳೂ ಅದರಲ್ಲಿದ್ದವು. ಯಾರೋ ಬೀಗ ಒಡೆದು ಕೊಟ್ಟ ಫೈಲ್ ಓಡಿಸುವಾಗ ಅದರೊಳಗೆ ಇನ್ನೇನಿದೆ ಎಂದು ನೋಡುವವರು ಯಾರು? ಮಾರಾಟ ನಿಂತ ಮಾತ್ರಕ್ಕೆ ಹಕ್ಕು ಹೋಗುವುದೂ ಇಲ್ಲ. "ಕೈಬಿಟ್ಟ ಗೇಮ್" ಎಂಬ ವರ್ಗವೇ ಕಾನೂನಿನಲ್ಲಿಲ್ಲ.

ಇನ್ನೊಂದು ಮಾತು. ಕಳ್ಳಪ್ರತಿ ಎಷ್ಟು ಲಕ್ಷ ಸಲ ಇಳಿದರೂ ಹಕ್ಕುದಾರರ ಲೆಕ್ಕಪುಸ್ತಕದಲ್ಲಿ ಅದು ಸೊನ್ನೆ. ಭಾರತದಲ್ಲಿ ಈ ಗೇಮ್ ಕೇಳುವವರೇ ಇಲ್ಲ ಎಂದೇ ಅವರು ತಿಳಿಯುತ್ತಾರೆ. ನಮ್ಮ ಶಾಲೆಗಳ ಲ್ಯಾಬ್‌ಗಳಲ್ಲಿ ಡೇವ್ ಆಡಿದವರ ಲೆಕ್ಕ ಯಾವ ಪುಸ್ತಕದಲ್ಲಿದೆ?

ಬೇಕಾದದ್ದು ಎಂಥ ಮರುಬಿಡುಗಡೆ?

ಬೇಡುವಾಗ ಎಚ್ಚರವೂ ಬೇಕು. ಹಳೆಯದನ್ನು ಹೊಸದು ಮಾಡುತ್ತೇವೆಂದು ಹೋಗಿ ಕೆಡಿಸಿದ ಉದಾಹರಣೆಗಳಿವೆ. 2021ರಲ್ಲಿ ವೈಸ್ ಸಿಟಿ ಸೇರಿ ಮೂರು ಜಿಟಿಎ ಗೇಮ್‌ಗಳ ಹೊಸ ರೂಪ ಬಂದಾಗ ದೋಷಗಳೇ ತುಂಬಿದ್ದವು, ಹಳೆಯ ಆವೃತ್ತಿಗಳನ್ನು ಅಂಗಡಿಯಿಂದ ತೆಗೆದದ್ದು ಬೇರೆ. ಜನ ಗಲಾಟೆ ಮಾಡಿದ ಮೇಲೆ ಹಳೆಯವು ಮರಳಿದವು. 2022ರಲ್ಲಿ ಬ್ಲೇಡ್ ರನ್ನರ್ ಗೇಮ್‌ಗೂ ಹೀಗೇ ಆಯಿತು. ಅದನ್ನು ಮಾಡಿದ್ದು ನಾನು ಮೇಲೆ ಹೊಗಳಿದ ನೈಟ್‌ಡೈವ್ ಕಂಪನಿಯೇ. ಸ್ವಯಂಸೇವಕರು ಸ್ಕಮ್‌ವಿಎಂ ಮೂಲಕ ಓಡುವಂತೆ ಮಾಡಿದ್ದ ಮೂಲ ಗೇಮೇ ಹೊಸದಕ್ಕಿಂತ ಚೆನ್ನಾಗಿದೆ ಎಂದು ಆಡುವವರು ಹೇಳಿದರು.

ಚೆನ್ನಾಗಿ ಮಾಡಿದವರೂ ಇದ್ದಾರೆ. 1999ರ ಏಜ್ ಆಫ್ ಎಂಪೈರ್ಸ್ 2ರ ಹೊಸ ಆವೃತ್ತಿ 2019ರಲ್ಲಿ ಬಂತು. ಅದಕ್ಕೆ 2022ರಲ್ಲಿ ಭಾರತದ ರಾಜವಂಶಗಳ ಕಂತು ಸೇರಿ, ದ್ರಾವಿಡರು, ಬಂಗಾಳಿಗಳು, ಗುರ್ಜರರು ಬಂದರು, ರಾಜೇಂದ್ರ ಚೋಳನ ದಂಡಯಾತ್ರೆಯೂ ಬಂತು. ಇಪ್ಪತ್ತು ವರ್ಷ ಹಳೆಯ ಗೇಮ್‌ನಲ್ಲಿ ನಮ್ಮ ನೆಲ ಕಾಣಿಸಿತು. ಸ್ಟಾರ್‌ಕ್ರಾಫ್ಟ್‌ನ ಕಂಪನಿ 2017ರಲ್ಲಿ ಹೊಸ ರೂಪಕ್ಕೆ ಬೆಲೆ ಇಟ್ಟು, ಹಳೆಯದನ್ನು ಉಚಿತವಾಗಿ ಕೊಟ್ಟಿತು.

ಹಾಗಾಗಿ ನನ್ನ ಬೇಡಿಕೆ ಮೂರೇ. ಮೂಲ ಗೇಮ್ ಇದ್ದ ಹಾಗೆಯೇ ಇರಲಿ, ಹೊಸ ಬಣ್ಣ ಬೇಕಿದ್ದವರಿಗೆ ಬೇರೆ ಕೊಡಿ. ಇಂದಿನ ಕಂಪ್ಯೂಟರಿನಲ್ಲಿ ಓಡಲಿ. ಕೊಂಡ ಮೇಲೆ ನನ್ನ ಬಳಿಯೇ ಉಳಿಯಲಿ, ಯಾವುದೋ ಸರ್ವರ್ ಬಂದ್ ಆದ ದಿನ ಮಾಯವಾಗದಿರಲಿ.

ಕಂಪನಿಗಳ ಕಷ್ಟವೂ ಸುಳ್ಳಲ್ಲ. ಹಳೆಯ ಒಪ್ಪಂದ ಹುಡುಕಿಸಿ ವಕೀಲರಿಗೆ ಕೊಡುವ ಶುಲ್ಕ, ಬರುವ ಆದಾಯಕ್ಕಿಂತ ಹೆಚ್ಚಾಗಬಹುದು. ಹಾಗಿದ್ದರೆ ಆಸಕ್ತಿ ಇರುವ ಸಣ್ಣ ಕಂಪನಿಗೆ ಪರವಾನಗಿ ಕೊಡಲಿ. ಅದೂ ಆಗದಿದ್ದರೆ ಮೂಲ ಕೋಡ್ ಬಿಡುಗಡೆ ಮಾಡಲಿ. ಡೂಮ್ ಗೇಮ್‌ನ ಕೋಡನ್ನು ಐಡಿ ಸಾಫ್ಟ್‌ವೇರ್ 1997ರಲ್ಲೇ ಕೊಟ್ಟಿತು. ಚಿತ್ರ, ಶಬ್ದಗಳ ಹಕ್ಕು ಅವರಲ್ಲೇ ಉಳಿಯಿತು, ಗೇಮ್ ಇಂದಿಗೂ ಮಾರಾಟವಾಗುತ್ತಿದೆ, ಪ್ರಪಂಚದ ಹುಡುಗರು ಅದನ್ನು ಕಂಡಕಂಡ ಯಂತ್ರದಲ್ಲೆಲ್ಲ ಓಡಿಸುತ್ತಿದ್ದಾರೆ. ತಡ ಮಾಡಿದರೆ ಕೊಡಲು ಕೋಡೇ ಉಳಿದಿರುವುದಿಲ್ಲ. ಪ್ರಿನ್ಸ್ ಆಫ್ ಪರ್ಷಿಯಾದ ಮೂಲ ಕೋಡ್ ಕಳೆದೇ ಹೋಯಿತು ಎಂದುಕೊಂಡಿದ್ದರು. 2012ರಲ್ಲಿ ಮೆಕ್ನರ್ ಅವರ ತಂದೆಯ ಮನೆಯಲ್ಲಿ ಹಳೆಯ ಫ್ಲಾಪಿಗಳ ಡಬ್ಬ ಸಿಕ್ಕಿದ್ದರಿಂದ ಬದುಕಿತು. ಎಲ್ಲರ ಅಪ್ಪಂದಿರೂ ಡಬ್ಬ ಎತ್ತಿಟ್ಟಿರುವುದಿಲ್ಲ.

ನಾವು ಏನು ಮಾಡಬಹುದು? ಗಾಗ್ 2024ರ ನವೆಂಬರ್‌ನಲ್ಲಿ ಹಳೆಯ ಗೇಮ್‌ಗಳನ್ನು ಸದಾ ಓಡುವಂತೆ ಕಾಯುವ ಯೋಜನೆ ಶುರು ಮಾಡಿದೆ. ಯಾವ ಗೇಮ್ ಬೇಕೆಂದು ಓಟು ಹಾಕುವ ಪಟ್ಟಿಯೂ ಅಲ್ಲಿದೆ. ಓಟು ಹಾಕಿ, ಎರಡು ನಿಮಿಷದ ಕೆಲಸ. ನಿಮ್ಮ ಮೆಚ್ಚಿನ ಗೇಮ್ ಕಾನೂನುಬದ್ಧವಾಗಿ ಸಿಗುತ್ತಿದ್ದರೆ ಕೊಂಡುಕೊಳ್ಳಿ. ಮುಂದಿನ ಸಲ ಊರಿಗೆ ಹೋದಾಗ ಅಟ್ಟದ ಮೇಲಿನ ಒರಿಜಿನಲ್ ಸಿಡಿಗಳನ್ನು ಗುಜರಿಗೆ ಹಾಕಬೇಡಿ. ಕಾನೂನುಬದ್ಧವಾಗಿ ಕೊಂಡ ಪ್ರೋಗ್ರಾಂಗೆ ಬ್ಯಾಕಪ್ ಪ್ರತಿ ಮಾಡಿಟ್ಟುಕೊಳ್ಳಲು ನಮ್ಮ ಕಾಪಿರೈಟ್ ಕಾಯ್ದೆಯೇ ಅವಕಾಶ ಕೊಟ್ಟಿದೆ. ಸಿಡಿ ಹಾಳಾಗುವ ಮುನ್ನ ಮಾಡಿಡಿ.

ಹಳೆಯ ಸಿನಿಮಾದ ನೆಗೆಟಿವ್ ಹಾಳಾದರೆ ನಾವು ಮರುಗುತ್ತೇವೆ, ಹಳೆಯ ಪುಸ್ತಕ ಮರುಮುದ್ರಣವಾದರೆ ಹಬ್ಬ ಮಾಡುತ್ತೇವೆ. ಕಂಪ್ಯೂಟರ್ ಎಂದರೆ ಹೆದರುತ್ತಿದ್ದ ಸಣ್ಣ ಊರಿನ ಮಕ್ಕಳ ಕೈಯನ್ನು ಮೊದಲ ಬಾರಿ ಕೀಬೋರ್ಡ್ ಮೇಲೆ ಇಡಿಸಿದ್ದು ಈ ಗೇಮ್‌ಗಳು. ಅದೇ ಕೈಗಳು ಇಂದು ಪುಣೆ, ಹೈದರಾಬಾದ್, ಚೆನ್ನೈಗಳಲ್ಲಿ ಕೋಡ್ ಬರೆದು ಮನೆ ನಡೆಸುತ್ತಿವೆ. ಆ ಋಣವನ್ನು ತೀರಿಸಲು ಸಿದ್ಧರಿದ್ದೇವೆ. ಕಂಪನಿಗಳು ಒಂದು ಬಿಲ್ ಹರಿದು ಕೊಟ್ಟರೆ ಸಾಕು.